ಆರನೆಯ ಗ್ಲಾಸು

ಭಾಗ್ಯಶ್ರೀ ಮೂರನೆಯ ಗ್ಲಾಸನ್ನು ಅವ್ವನ ಮೂಗಿನ ಹತ್ತಿರ ಹಿಡಿದಳು. "ಕುಡೀಬ್ಯಾಡ, ಬರೇ ಮೂಸು. ಏನ ವಾಸನಿ?"

ಫಕ್ಕೀರವ್ವ ಕಣ್ಣು ಮುಚ್ಚಿ ಮೂಸಿದಳು. "ದನದ ಕೊಟ್ಟಿಗಿ! ಅಷ್ಟ ದೂರ ಫ್ರಾನ್ಸಿನಿಂದ ತಂದು ಇದನ್ನ ಕುಡೀತಾರೇನ? ನಮ್ಮ ತಿಳವಳ್ಳಿಗೆ ಬಂದಿದ್ರ ಪುಕ್ಕಟೆ ಮೂಸಿ ಹೋಗ್ತಿದ್ರು."

ಭಾಗ್ಯಶ್ರೀ ನಗುತ್ತ ಬರೆದುಕೊಂಡಳು. ಹಳೆಯ ಬರ್ಗಂಡಿ ವೈನಿಗೆ ಆ ವಾಸನೆಯೇ ಹೆಚ್ಚುಗಾರಿಕೆ ಎಂದು ವೈನ್ ರುಚಿ ನೋಡುವ ಕೋರ್ಸಿನಲ್ಲಿ ಅವಳಿಗೆ ಕಲಿಸಿದ್ದರು. ತಡಸದ ಹತ್ತಿರ ಅವಳು ಕೆಲಸ ಮಾಡುವ ರೆಸಾರ್ಟಿನಲ್ಲಿ ಮಧ್ಯಾಹ್ನ ವೈನ್ ಮೇಳ ಶುರುವಾಗಲಿತ್ತು. ಆರು ಫ್ರೆಂಚ್ ಕೆಂಪು ವೈನುಗಳಲ್ಲಿ ಮೂರನ್ನು ಆರಿಸಿ ಜನರ ರುಚಿಗೆ ಇಡುವುದು ಅವಳ ಪಾಲಿನ ಕೆಲಸ. ಚೆನ್ನಾಗಿ ಆರಿಸಿದರೆ ನೌಕರಿ ಕಾಯಂ ಎಂದಿದ್ದ ಮ್ಯಾನೇಜರ್ ಹಾಲೇಶ. ಆದರೆ ಎರಡು ತಿಂಗಳ ಹಿಂದೆ ಜ್ವರ ಬಂದು ಹೋದಾಗಿನಿಂದ ಅವಳ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಹೊರಗೆ ಯಾರಿಗೂ ಹೇಳಿರಲಿಲ್ಲ. ಬಿತ್ತನೆಯ ಭತ್ತವನ್ನು ಮೂಸಿಯೇ ಮೊಳಕೆ ಬರುತ್ತದೋ ಇಲ್ಲವೋ ಹೇಳುವ ಅವ್ವನನ್ನು ಬೆಳಗಿನ ಬಸ್ಸಿಗೆ ಕರೆಸಿಕೊಂಡಿದ್ದಳು.

ನಾಲ್ಕನೆಯದು ಕರಿಮೆಣಸು. ಐದನೆಯದು ಕಳಿತ ಬಾಳೆಹಣ್ಣು.

ಆರನೆಯದನ್ನು ಬಗ್ಗಿಸುವಾಗ ಭಾಗ್ಯಶ್ರೀಯ ಕೈ ತಡೆಯಿತು. ವಾಸನೆ ಬರುತ್ತಿತ್ತು. ಚೆಂಡುಹೂವಿನ ಮಾಲೆ, ಊದಿನಕಡ್ಡಿ, ಆಗತಾನೆ ಅಗೆದ ಹಸಿಮಣ್ಣು. ಮೂರು ವರ್ಷದ ಹಿಂದೆ ಅಪ್ಪನ ಹೆಣ ಕೂಡ್ರಿಸಿದ್ದ ಪಡಸಾಲೆಯಿಂದ ಹೂಳಿದ ಕುಣಿಯವರೆಗೆ ತುಂಬಿಕೊಂಡಿದ್ದು ಇದೇ.

"ಅವ್ವಾ, ಇದನ್ನ ಮೂಸು."

"ಹುಳಿ ದ್ರಾಕ್ಷಿ. ಮತ್ತೇನಿಲ್ಲ. ಯಾಕ, ನಿನಗೇನರ ವಾಸನಿ ಬಂತೇನ?"

"ಹೂವಿಂದು."

"ಬಂತು! ನನ್ನ ಮಗಳ ಮೂಗು ಬಂತು!" ಫಕ್ಕೀರವ್ವ ಅವಳ ಗಲ್ಲಕ್ಕೆ ಕೈಯಿಟ್ಟು ನೆಟಿಗೆ ಮುರಿದಳು.

ಭಾಗ್ಯಶ್ರೀ ಉಳಿದ ಐದೂ ಗ್ಲಾಸುಗಳನ್ನು ಒಂದೊಂದಾಗಿ ಮೂಸಿದಳು. ಒಂದರಲ್ಲೂ ಏನೂ ಇಲ್ಲ. ಆರನೆಯದನ್ನು ಕಿಟಕಿಯಿಂದ ಹೊರಗೆ ಚೆಲ್ಲಿದಳು. ಆದರೂ ವಾಸನೆ ಹೋಗಲಿಲ್ಲ. ಅಷ್ಟರಲ್ಲಿ ಫಕ್ಕೀರವ್ವ ಗ್ಲಾಸು ತೊಳೆಯಲು ಹೊರಗಿನ ನಳಕ್ಕೆ ನಡೆದಳು. ವಾಸನೆ ಅವಳ ಹಿಂದೆಯೇ ಹೋಯಿತು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಅದೂ ಬಂತು.

ಪಟ್ಟಿ ಹಿಡಿದು ಹಾಲೇಶ ಬಾಗಿಲಲ್ಲಿ ನಿಂತ. "ಮೂರು ಆರಿಸಿದ್ರೇನ್ರಿ?"

"ಆರಿಸ್ಯಾಳ್ರಿ ಸಾಹೇಬ್ರ. ನನ್ನ ಮಗಳ ಮೂಗು ಭಾಳ ಚುರುಕ ಐತ್ರಿ," ಎನ್ನುತ್ತ ಫಕ್ಕೀರವ್ವ ಕೈಚೀಲ ಎತ್ತಿಕೊಂಡಳು. "ಇನ್ನ ನಾ ಯಾಕವಾ ನಿನಗ? ಹನ್ನೊಂದರ ಬಸ್ಸಿಗೆ ಹೋಗ್ತೇನಿ. ಎಮ್ಮಿ ಕಟ್ಟಿ ಹಂಗ ಬಂದೇನಿ."

"ಹೋಗಬ್ಯಾಡವ್ವಾ!" ಭಾಗ್ಯಶ್ರೀ ಹಾಲೇಶನ ಎದುರಿಗೇ ಅವಳ ಸೆರಗು ಹಿಡಿದಳು. "ಸುಳ್ಳ ಹೇಳಿದೆ. ನನಗ ಇನ್ನೂ ಯಾವ ವಾಸನಿನೂ ಬರಂಗಿಲ್ಲ. ಎಲ್ಲಾ ನೀನ ಮೂಸಿ ಹೇಳಿದ್ದು. ನೀ ಇಲ್ಲೇ ಇರು."

ಹಾಲೇಶ ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡ.

ಫಕ್ಕೀರವ್ವ ಗಾಬರಿಯಾಗಿ ಹತ್ತಿರ ಬಂದು ಮಗಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದಳು. ಭಾಗ್ಯಶ್ರೀ ಉಸಿರು ಬಿಗಿಹಿಡಿದು ನಿಂತಳು.