ಇಬ್ಬರಿಗೆ, ಕಿಟಕಿ ಪಕ್ಕದ ಟೇಬಲ್

ಮಾಲಿನಿ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಫೋನ್ ಬಂತು. ಕೈತುಂಬ ಹಿಟ್ಟು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದಳು. ಬೆಂಗಳೂರಿನ ಯಾವುದೋ ಹೋಟೆಲಿನ ಹುಡುಗಿ.

"ಸಂಗಮೇಶ್ ಸರ್ ಮಿಸೆಸ್ಸಾ ಮೇಡಂ? ಸರ್ ಫೋನ್ ತೆಗೀತಿಲ್ಲ. ಆ್ಯಪ್‌ನಲ್ಲಿ ನಿಮ್ಮ ನಂಬರೂ ಇತ್ತು. ಶನಿವಾರ ಇಬ್ಬರಿಗೆ ರೂಮ್ ಕನ್ಫರ್ಮ್ ಆಗಿದೆ. ಊಟಕ್ಕೆ ಹಿಂದಿನ ಸಲದ ಹಾಗೇ ಮೇಲ್ಗಡೆ ಕಿಟಕಿ ಪಕ್ಕದ ಟೇಬಲ್ಲೇ ಅಲ್ವಾ?"

ಮಾಲಿನಿ ಆ ಹೋಟೆಲಿನ ಬಾಗಿಲನ್ನೂ ಕಂಡವಳಲ್ಲ. "ಹೌದು, ಅದೇ" ಎಂದಳು. ವಿಳಾಸವನ್ನು ಇನ್ನೊಮ್ಮೆ ಕಳಿಸಲು ಹೇಳಿದಳು. ದೇವರ ಮನೆಯಲ್ಲಿ ಮಾವನ ಪೂಜೆಯ ಗಂಟೆ ಕೇಳುತ್ತಿತ್ತು. ಕಾವಲಿಯ ಮೇಲೆ ರೊಟ್ಟಿ ಸೀದುಹೋಯಿತು.

ಉಪ್ಪಾರಹಳ್ಳಿಯ ಆ ಮನೆಯಲ್ಲಿ ರೊಟ್ಟಿ ಸೀಯುವುದು ಸಣ್ಣ ವಿಷಯವಲ್ಲ. ಅತ್ತೆ ಸರ್ವಮಂಗಳಮ್ಮ ಮೂಗರಳಿಸಿಕೊಂಡು ಅಡುಗೆಮನೆಗೆ ಬಂದರು. "ಸ್ನಾನ ಆಗಿದೆ, ಗಮನ ಮಾತ್ರ ಇನ್ನೂ ಬಚ್ಚಲಲ್ಲೇ ಇದೆ" ಎಂದರು.

ಅತ್ತೆಯ ಊಟವೆಂದರೆ ಮಡಿಯಲ್ಲಿ ಮಾಡಿದ್ದು, ಒಲೆಯಿಂದ ಈಗಷ್ಟೇ ಇಳಿದದ್ದು. ಹೊರಗಿನ ನೀರನ್ನೂ ಮುಟ್ಟರು. ನಂಟರ ಮದುವೆಗೂ ಮನೆಯ ತಂಬಿಗೆಯೇ ಹೋಗುತ್ತದೆ. ಬಟವಾಡಿಯ ಬೇಕರಿಯಿಂದ ಮಾಲಿನಿ ಒಮ್ಮೆ ಪಫ್ಸ್ ತಂದಾಗ ಆ ಪೊಟ್ಟಣ ಹಿತ್ತಲಿನ ಕಟ್ಟೆಯ ಮೇಲೇ ಉಳಿದಿತ್ತು. ಸೊಸೆಗೆ ಸೀರೆಯೇ ಲಕ್ಷಣ ಎಂಬುದು ಅವರ ಇನ್ನೊಂದು ನಿಯಮ. ಮದುವೆಗೆ ಮುಂಚೆ ಕೊಂಡ ಕುರ್ತಾಗಳು ಬೀರುವಿನಲ್ಲಿ ಮಡಿಕೆ ಬಿಚ್ಚದೆ ಕುಳಿತಿದ್ದವು.

ಎರಡು ದಿನ ಬೆಂಗಳೂರಿನಲ್ಲಿದ್ದು ಬರೋಣ ಎಂದು ಮಾಲಿನಿಗೆ ಗಂಡನನ್ನು ಕೇಳಿ ಸಾಕಾಗಿತ್ತು. ಮೆಟ್ರೋದಲ್ಲಿ ಓಡಾಡಬೇಕು, ಯಾರೋ ಬಡಿಸಿದ್ದನ್ನು ಕೂತು ಉಣ್ಣಬೇಕು, ಅಷ್ಟೇ ಅವಳ ಆಸೆ. ಸಂಗಮೇಶನ ಉತ್ತರವೂ ಅಷ್ಟೇ ಚಿಕ್ಕದು. ಅಮ್ಮನ ಊಟ ಯಾರು ಮಾಡ್ತಾರೆ?

ಅಮ್ಮನ ಊಟದ ಚಿಂತೆ ಇಲ್ಲದ ಹೆಂಗಸೊಬ್ಬಳು ಸಿಕ್ಕಿರಬೇಕು ಎಂದುಕೊಂಡಳು ಮಾಲಿನಿ.

ಅನುಮಾನ ಬಂದ ಮೇಲೆ ಎಲ್ಲವೂ ಸಾಕ್ಷಿಯೇ. ಯುಗಾದಿಗೆ ಸಂಗಮೇಶ ಹಳೇ ಫೋನನ್ನು ಆ್ಯಪ್‌ಗಳೆಲ್ಲ ಇದ್ದ ಹಾಗೇ ಅಪ್ಪನಿಗೆ ಕೊಟ್ಟು ತಾನು ಹೊಸದು ಕೊಂಡಿದ್ದ. ಹೊಸದಕ್ಕೆ ಲಾಕ್ ಬೇರೆ. ಮೀಸೆಯನ್ನು ಈಚೆಗೆ ಸಣ್ಣಗೆ ಕತ್ತರಿಸಿಕೊಳ್ಳುತ್ತಿದ್ದ. ದಿನವಿಡೀ ಅವನು ಕೂರುವ ಕೊಬ್ಬರಿ ಮಂಡಿಯ ದೂಳಿಗೆ ಗುಲಾಬಿ ಶರ್ಟು ಯಾಕೆ?

ಅಂದು ಸಂಜೆ ಬಡಿಸುತ್ತಾ ಕೇಳಿದಳು. "ಶನಿವಾರ ಬೇಗ ಬರ್ತೀರಾ?"

"ಎಲ್ಲಿ ಬೇಗ? ಗುಬ್ಬಿಯಲ್ಲಿ ಲೋಡ್ ಇದೆ. ರಾತ್ರಿ ಅಲ್ಲೇ ಉಳಿದ್ರೂ ಉಳಿದೆ."

ಮಾಲಿನಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಸುರಿದಳು. ಅವನು ಸಾಕು ಅಂದರೂ ಸುರಿದಳು.

ಶನಿವಾರ ಹುಣ್ಣಿಮೆ. ಪ್ರತಿ ಹುಣ್ಣಿಮೆಯಂತೆ ಅತ್ತೆ ಮಾವ ಕುಣಿಗಲ್ ಕಡೆಯ ಮಠದ ಸೇವೆಗೆ ಹೊರಟರು. ಅಲ್ಲೇ ಪ್ರಸಾದ, ಅಲ್ಲೇ ತಂಗುವುದು, ವಾಪಸ್ಸು ಭಾನುವಾರ ಸಂಜೆ. ಮಾವ ಮಹಾದೇವಯ್ಯ ಹಣೆತುಂಬ ವಿಭೂತಿ ಹಚ್ಚಿ ತಾವೇ ಕಾರು ತೆಗೆದರು. ಅತ್ತೆ ಸೆರಗು ಹೊದ್ದು ಪಕ್ಕದಲ್ಲಿ ಕುಳಿತು, ಕಿಟಕಿಯಿಂದಲೇ ಕೊನೆಯ ಮಾತು ಹೇಳಿದರು. "ನಾವಿಲ್ಲ ಅಂತ ಹೊರಗಡೇದೆಲ್ಲ ತರಿಸ್ಬೇಡ ಕಣಮ್ಮ."

ಸಂಗಮೇಶ ಬೈಕಿನಲ್ಲಿ ಆಗಲೇ ಹೋಗಿದ್ದ. ಗುಲಾಬಿ ಶರ್ಟಿನಲ್ಲಿ.

ಮಾಲಿನಿ ಬೀರು ತೆಗೆದು ಹಸಿರು ಕುರ್ತಾ ತೊಟ್ಟಳು. ಹಿಡಿಯಲು ಹೋಗುವವಳು ನೋಡುವ ಹಾಗಾದರೂ ಇರಬೇಕಲ್ಲ. ಬೀಗ ಹಾಕಿ, ಆಟೋ ಹಿಡಿದು, ರೈಲು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ತವರಿಗೆ ಹೋಗುತ್ತೇನೆ ಎನ್ನುವುದು ಮೊದಲ ಮಾತು. ಆಮೇಲಿನದು ಅಳು ಬರದಿದ್ದರೆ.

ಹೋಟೆಲಿನ ರಿಸೆಪ್ಷನ್ನಿನಲ್ಲಿ ಸಂಗಮೇಶ್ ಎಂದಷ್ಟೇ ಕೇಳಿದಳು. ಸರ್, ಮೇಡಂ ಇಬ್ಬರೂ ಮೇಲೆ ಊಟಕ್ಕೆ ಕೂತಿದ್ದಾರೆ ಎಂದರು. ಲಿಫ್ಟಿನ ಕನ್ನಡಿಯಲ್ಲಿ ಅವಳ ಮುಖ ಅವಳಿಗೇ ಗುರುತು ಹತ್ತಲಿಲ್ಲ.

ಆರನೇ ಮಹಡಿ. ಕಿಟಕಿ ಪಕ್ಕದ ಟೇಬಲ್. ಹೆಂಗಸಿನ ಬೆನ್ನು ಕಂಡಿತು. ಬಿಟ್ಟ ಕೂದಲು, ಜೀನ್ಸ್ ಪ್ಯಾಂಟು, ತೋಳಿಲ್ಲದ ಹಳದಿ ಟಾಪು. ಗಂಡಸು ಕಂಬದ ಮರೆಯಲ್ಲಿದ್ದ. ಅವಳು ಪಿಜ್ಜಾದ ಚೂರೊಂದನ್ನು ಎತ್ತಿ, ಉದ್ದಕ್ಕೆ ಎಳೆದ ಚೀಸನ್ನು ಬೆರಳಿಗೆ ಸುತ್ತಿ, ಆ ಮರೆಯ ಕಡೆಗೆ ಕೈ ಚಾಚಿದಳು. ತಿನ್ನಲು ಅವನು ಮುಂದಕ್ಕೆ ಬಾಗಿದ.

ಮಾಲಿನಿ ಎರಡು ಹೆಜ್ಜೆ ಹಿಂದೆ ಸರಿದಳು. ಮೂರನೆಯದು ಲಿಫ್ಟಿನೊಳಗೆ.

ಕೆಳಗೆ ಸೋಫಾದಲ್ಲಿ ಕುಳಿತು ನೀರು ಕುಡಿದಳು. ಆಮೇಲೆ ಗಂಡನಿಗೆ ಫೋನ್ ಮಾಡಿದಳು. ಆ ಕಡೆ ಹಮಾಲರ ಕೂಗು, ಲಾರಿಯ ಸದ್ದು, ಮೂಟೆಗಳು ದೊಪ್ಪನೆ ಬೀಳುವ ಸದ್ದು. ಶರ್ಟೆಲ್ಲ ಹಾಳಾಯ್ತು, ಕೊಬ್ಬರಿ ಕೊಳ್ಳೋ ಪಾರ್ಟಿ ಮಗನ ನಿಶ್ಚಿತಾರ್ಥಕ್ಕೆ ಹೋಗೋದು ಬೇರೆ ಇತ್ತು ಎಂದು ಅವನು ಗೊಣಗಿದ.

"ರೀ, ಸಂಜೆ ಗಾಡಿ ಹತ್ತಿ ಬೆಂಗಳೂರಿಗೆ ಬನ್ನಿ. ನಾನು ಬಂದಿದೀನಿ. ರೂಮ್ ನಾನೇ ನೋಡ್ತೀನಿ, ಮೆಜೆಸ್ಟಿಕ್ ಹತ್ರ."

"ತಲೆ ಕೆಟ್ಟಿದೆಯಾ? ಅಮ್ಮಂಗೆ ಗೊತ್ತಾದ್ರೆ?"

"ಗೊತ್ತಾಗಲ್ಲ."

"ಅಷ್ಟು ಗ್ಯಾರಂಟಿಯಾಗಿ ಹೇಗೆ ಹೇಳ್ತೀಯಾ?"

ಮಾಲಿನಿ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು. ಬನ್ನಿ ಸುಮ್ನೆ ಎಂದು ಫೋನ್ ಇಟ್ಟಳು.

ಹಳದಿ ಟಾಪು ತೊಟ್ಟು ಮಾವನ ಬಾಯಿಗೆ ಪಿಜ್ಜಾ ಇಡುತ್ತಿದ್ದ ಅತ್ತೆಯ ಸುದ್ದಿಯನ್ನು ಈ ಜನ್ಮದಲ್ಲಿ ಯಾರಿಗೂ, ಸಂಗಮೇಶನಿಗೂ, ಹೇಳಬಾರದೆಂದು ಅವಳು ಲಿಫ್ಟಿನಲ್ಲೇ ನಿರ್ಧರಿಸಿಯಾಗಿತ್ತು.