ಏಳನೇ ತರಗತಿಯ ಹೊಡೆದಾಟ

ಅಕ್ಷತ ಬೀಸಿದ ಬಿಸಿಯೂಟದ ತಟ್ಟೆ ಅನ್ನದ ಸಮೇತ ಶಿಲ್ಪಳ ಹುಬ್ಬಿಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಶಿಲ್ಪ ಅಕ್ಷತಳ ಜಡೆ ಹಿಡಿದೆಳೆದು, ಕೆನ್ನೆಗೆ ಎರಡು ಬಾರಿಸಿ ನೆಲಕ್ಕೆ ಕೆಡವಿದಳು. ಅಕ್ಷತಳ ತುಟಿ ಒಡೆಯಿತು.

ಸುತ್ತ ಇದ್ದ ಮಕ್ಕಳೆಲ್ಲ ಕಲ್ಲಾದರು. ಹುಟ್ಟಿದಾಗಿನಿಂದ ಕಣ್ಣು ಕಾಣದ ಅಕ್ಷತಳಿಗೆ ಹೊಡೆಯುವುದೆಂದರೇನು!

ದೊಡ್ಡಬಳ್ಳಾಪುರದ ಆ ಶಾಲೆಗೆ ಶಿಲ್ಪ ಸೇರಿ ನಾಲ್ಕೇ ದಿನವಾಗಿತ್ತು. ಅಂದು, ಅಕ್ಷತ ಕೇಳದಿದ್ದರೂ ಅವಳ ತಟ್ಟೆಗೆ ಕೈಹಾಕಿ ಅನ್ನ ಕಲಸಿಕೊಟ್ಟಿದ್ದಳು. ಅಷ್ಟಕ್ಕೇ ಈ ರಾದ್ಧಾಂತ. ಅಕ್ಷತಳ ಕೋಪ ಉಳಿದವರಿಗೆಲ್ಲ ಗೊತ್ತಿದ್ದದ್ದೇ. ಕಚ್ಚುತ್ತಿದ್ದಳು, ಪರಚುತ್ತಿದ್ದಳು. ಒಮ್ಮೆ ಕೈವಾರದಿಂದ ಚುಚ್ಚಿದ್ದಳು. ಏಟು ತಿಂದವರು ಚೀಲ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದರು.

"ಪಾಪ, ಬಿಟ್ಬಿಡ್ರೋ," ಎನ್ನುತ್ತಿದ್ದರು ಮೇಷ್ಟರು. ಮರುದಿನ ಅವಳ ಏಟು ಇನ್ನೂ ಜೋರಾಗಿರುತ್ತಿತ್ತು.

ಮುಖ್ಯೋಪಾಧ್ಯಾಯ ವೇಣುಗೋಪಾಲ್ ಇಬ್ಬರ ಮನೆಗೂ ಫೋನ್ ಮಾಡಿದರು. ಅಕ್ಷತಳ ತಾಯಿ ಮಮತ ಮಗ್ಗ ನಿಲ್ಲಿಸಿ ಓಡಿಬಂದಳು. ಮಗಳ ಊದಿದ ತುಟಿ ನೋಡಿ ಅತ್ತೇಬಿಟ್ಟಳು. ಅಕ್ಷತ ಅಳಲಿಲ್ಲ.

"ನಂಗೆ ಹೊಡೆದೋಳ ಹೆಸರೇನು ಸಾರ್?" ಮೂರನೇ ಸಲ ಕೇಳಿದಳು.

"ಶಿಲ್ಪ ಅಂತ. ಹೆದರ್ಬೇಡ ಕಣಮ್ಮ, ಇವತ್ತೇ ಟಿಸಿ ಕೊಟ್ಟು ಕಳಿಸ್ತೀನಿ. ಇನ್ನು ನಿನ್ನ ತಂಟೆಗೆ ಬರಲ್ಲ."

ಶಿಲ್ಪಳ ತಂದೆ ಪಿಳ್ಳಣ್ಣ ಬಂದವನೇ ಬೆಲ್ಟ್ ಬಿಚ್ಚಿದ. "ಕಣ್ಣಿಲ್ಲದ ಮಗೂಗೆ ಹೊಡೀತೀಯೇನೇ?" ಮೊದಲ ಏಟಿಗೆ ಶಿಲ್ಪ ಹಲ್ಲು ಕಚ್ಚಿದಳು. ಎರಡನೆಯದಕ್ಕೆ ಚೀರಿದಳು.

ಆ ಚೀರಾಟದತ್ತ ಅಕ್ಷತ ನುಗ್ಗಿದಳು. ಕುರ್ಚಿ ಉರುಳಿತು. ಕೈಗೆ ಸಿಕ್ಕಿದ್ದು ಪಿಳ್ಳಣ್ಣನ ತೋಳು. ರಕ್ತ ಚಿಮ್ಮುವಂತೆ ಕಚ್ಚಿದಳು. ಅವನು ಬೆಲ್ಟ್ ಬಿಟ್ಟು ಕೂಗಿಕೊಂಡ. ಇಬ್ಬರು ಸೇರಿ ಅವಳನ್ನು ಬಿಡಿಸಬೇಕಾಯಿತು.

"ಅವಳನ್ನ ಕಳಿಸ್ತಾ ಇದಾರಲ್ಲ, ಇನ್ನೇನೇ ನಿನ್ನ ಕೋಪ?" ಮಮತ ಮಗಳ ಭುಜ ಹಿಡಿದು ಅಲುಗಿಸಿದಳು.

"ಕಳಿಸ್ಬೇಡಿ!" ಅಕ್ಷತ ಕಿರುಚಿದಳು. ಗಾಳಿಯಲ್ಲಿ ತಡಕಾಡಿ ಶಿಲ್ಪಳ ಕೈ ಹುಡುಕಿ ಬಿಗಿಯಾಗಿ ಹಿಡಿದುಕೊಂಡಳು. "ನನ್ನ ಪಕ್ಕಾನೇ ಕೂರಿಸಿ."

ಮಮತ ಆ ಬೆರಳು ಬಿಡಿಸಲು ಹೋದರೂ ಅಕ್ಷತ ಬಿಡಲಿಲ್ಲ.

"ಕ್ಲಾಸಲ್ಲಿ ಎಲ್ರಿಗೂ ಹೊಡೆದಿದೀನಮ್ಮ. ನಂಗೆ ತಿರುಗಿ ಹೊಡೆದೋಳು ಇವಳೊಬ್ಳೇ."