ಕಾಕಾ ಕಲಿಸಿದ ‘ಡ್ರಮ್ಮಿ’

ಧಬ್. ಖಾನಾಪುರದ ಮ್ಯಾಂಗನೀಸ್ ಗಣಿಯ ಸುರಂಗದಲ್ಲಿ ಕಾಕಾನ ಹಾರೆ ತಲೆಯ ಮೇಲಿನ ಬಂಡೆಗೆ ತಾಗಿದ ಸದ್ದು ಅದು. ಇವತ್ತು ಬಾತ್‌ರೂಮಿನ ಟೈಲ್ಸ್ ಬಡಿದು ನೋಡುತ್ತಿದ್ದ ಗೌಂಡಿ ಅದನ್ನೇ ಮತ್ತೆ ಕೇಳಿಸಿದ.

ಎಪ್ಪತ್ತರ ದಶಕ, ನನಗೆ ಹತ್ತು ವರ್ಷ. ಬೆಳಗಾವಿಯ ಕಾನ್ವೆಂಟಿಗೆ ಹಾಲಿಡೇಸ್. ಗಣಿಯ ಮೇಸ್ತ್ರಿಯಾಗಿದ್ದ ಕಾಕಾ ನನ್ನನ್ನು ಒಳಗೆ ಕರೆದೊಯ್ದಿದ್ದ. ಬುತ್ತಿ ಬಿಚ್ಚುವ ಮುಂಚೆ ಮೇಲಿನ ಕಲ್ಲು ಬಡಿದು ಕೇಳುವುದು ಅಲ್ಲಿನ ರೂಢಿ.

“ಖಣ್ ಅಂದ್ರ ಗಟ್ಟಿ. ಧಬ್ ಅಂದ್ರ ಡ್ರಮ್ಮಿ, ಒಳಗ ಪೊಳ್ಳು. ಅದರ ಕೆಳಗ ಕುಂದರಬಾರದು. ನಿಮ್ಮ ಸಿಸ್ಟರ್ ಈ ಇಂಗ್ಲಿಷ್ ಕಲಿಸ್ಯಾರೇನ?” ಎಂದು ನಕ್ಕ. ಬಡಿದು, “ಈಗ ಏನಂತು?” ಎಂದ.

“ಧಬ್ ಅಂತು. ಡ್ರಮ್ಮಿ! ನಿನಗ ಕೇಳಸ್ಲಿಲ್ಲೇನು?”

ಅವನು ನನ್ನ ತುಟಿಗಳನ್ನೇ ನೋಡುತ್ತಿದ್ದ. ಮತ್ತೆ ಹೇಳಿದೆ. ಥಟ್ಟನೆ ತೋಳು ಹಿಡಿದು ಎಳೆದ. ನಾವು ನಿಂತಿದ್ದ ಜಾಗದಲ್ಲಿ ಕಪ್ಪು ಪುಡಿ ಸದ್ದಿಲ್ಲದೆ ಉದುರತೊಡಗಿತು.

ಹೊರಗೆ ಬಂದ ಮೇಲೆ ಮೆಲ್ಲಗೆ, “ಬ್ಲಾಸ್ಟಿಂಗ್ ಸಪ್ಪಳಕ್ಕ ಕಿವಿ ಹೋಗ್ಯಾವವ್ವಾ. ಕಾಕುಗ ಹೇಳಬ್ಯಾಡ, ಕೆಲಸಾ ಬಿಡಸ್ತಾಳ,” ಎಂದ. ನಾನು ಪ್ರಾಮಿಸ್ ಮಾಡಿದೆ.

ಅವನನ್ನು ಕೊನೆಯದಾಗಿ ಕಂಡದ್ದು ರಜೆ ಮುಗಿದ ಸೋಮವಾರ ಬೆಳಿಗ್ಗೆ. ನನ್ನನ್ನು ಬಸ್ಸಿಗೆ ಹತ್ತಿಸಿ, ಹಾರೆ ಹೆಗಲಿಗೇರಿಸಿ ಗಣಿಯ ದಾರಿ ಹಿಡಿದ. ಕಿಟಕಿಯಿಂದ “ಕಾಕಾ!” ಎಂದು ಕೂಗಿದೆ. ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವನೊಬ್ಬನನ್ನು ಬಿಟ್ಟು.